ಹಿಮಖಂಡದ ಕೆಲಸಗಾರರು

ಯೋಬನ ಗ್ರಂಥದಲ್ಲಿ ದೇವರು ಯೋಬನನ್ನು ಕೇಳುವ ಪ್ರಶ್ನೆಗಳೊಳಗೆ ಹಿಮದ ಉಗ್ರಾಣಗಳನ್ನು ಕುರಿತ ಪ್ರಶ್ನೆಯೂ ಒಂದೆಂಬುದು ನಮ್ಮ ಶಾಲೆಯಲ್ಲಿ ಓದಿದವರಿಗೆಲ್ಲ ನೆನಪಿರುವುದು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನಮಗೆ ಆ ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ಎಲ್ಲಿಂದ ಬರಬೇಕು? ಈ ಊರಿನ ಹವಾಮಾನದ ದಾಖಲೆಗಳಲ್ಲಿ ಕಾಣುವ ಅತ್ಯಂತ ತೀವ್ರವಾದ ಚಳಿಯೆಂದರೆ ೧೮೮೪ನೆಯ ಇಸವಿ ಜನವರಿ ತಿಂಗಳಿನ ೭.೮ ಡಿಗ್ರಿ ಸೆಂಟಿಗ್ರೇಡ್. ಕ್ರಿಸ್ಮಸ್ ಹಬ್ಬದ ದಿನಗಳಲ್ಲಿ ವಿಲ್ಸನ್ ಗಾರ್ಡನಿನ ಅಡ್ಡರಸ್ತೆಗಳಲ್ಲಿ ಬೆಳಗಿನ ಜಾವ ಹಾಲಿಗೆ ಹೊರಡುವವರು ತಲೆಗೆ ಶಾಲು ಸುತ್ತಿಕೊಂಡರೆ, ಅದೇ ನಮ್ಮ ಚಳಿಗಾಲ. ಅಂಟಾರ್ಕ್ಟಿಕ ಖಂಡದ ವೊಸ್ಟೊಕ್ ಎಂಬ ಠಾಣೆಯಲ್ಲಿಯೋ ೧೯೮೩ನೆಯ ಜುಲೈ ೨೧ರಂದು ಶೀತವು ಶೂನ್ಯಕ್ಕಿಂತ ಕೆಳಗೆ ೮೯.೨ ಡಿಗ್ರಿಗೆ ಇಳಿದಿತ್ತು. ಇಂಥ ನಾಡಿನಲ್ಲಿಯೂ ಮನುಷ್ಯರು ಸಂಬಳಕ್ಕೆ ಕೆಲಸಮಾಡಿಕೊಂಡು, ಊಟಮಾಡಿ ಮಲಗಿ ಎದ್ದು, ದಿನಗಳನ್ನು ಕಳೆಯುತ್ತಿರುವರೆಂದರೆ ನಂಬುವುದು ಕಷ್ಟ. ನಂಬಿಸತಕ್ಕದ್ದು ಚಲಚ್ಚಿತ್ರವೊಂದೇ.

ಕೆಲವು ಕಾಲದ ಹಿಂದೆ ವಿಲ್ಸನ್ ಗಾರ್ಡನಿನಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬರ ಮನೆಯಲ್ಲಿ ನಾವು ಕೆಲವರು ಮಕ್ಕಳು ಮೊಮ್ಮಕ್ಕಳೊಡನೆ ಕೂಡಿ ಅಂಥದೊಂದು ಸಾಕ್ಷ್ಯಚಿತ್ರವನ್ನು ನೋಡಿದೆವು. ಜರ್ಮನ್ ನಿರ್ದೇಶಕರಾದ ವೆರ್ನರ್ ಹೆರ್ಜೋಗರು ೨೦೦೭ರಲ್ಲಿ ಹೊರತಂದ 'ಎನ್‌ಕೌಂಟರ್ಸ್ ಅಟ್ ದಿ ಎಂಡ್ ಆಫ್ ದಿ ವರ್ಲ್ಡ್' ಎಂಬುದು ಅದರ ಹೆಸರು. ಲೋಕದ ಕೊನೆಯಲ್ಲಿ ಆದ ಭೇಟಿಗಳೆಂದು ಅದನ್ನು ನಾವು ಕನ್ನಡದಲ್ಲಿ ಹೇಳಬಹುದು. ಚಿತ್ರವು ಮುಗಿದ ಮೇಲೆ ಮನೆಯ ಮಗುವೊಂದು, "ಅಜ್ಜಿ, ಅಲ್ಲಿ ಎಲ್ಲರಿಗೂ ಅಡಿಗೆ ಮಾಡುವವರು ಯಾರು? ನಮ್ಮೂರಿನವರು ಯಾರಾದರೂ ಅಲ್ಲಿಗೆ ಹೋಗಿದ್ದಾರೆಯೆ?" ಎಂದು ಕೇಳಿತು. ಅಜ್ಜಿಯವರು, "ಹೋಗಿರಬಹುದಮ್ಮ. ಆದರೆ ಹೆಣ್ಣುಮಕ್ಕಳು ಹೋಗುವ ಜಾಗವೇ ಅದು?" ಎಂದರು. ಮೂರು ಪ್ರಶ್ನೆಗಳೂ ಯುಕ್ತವಾದವೇ. ಅವುಗಳಿಗೆ ನಮಗೆ ತಿಳಿದ ಮಟ್ಟಿಗೆ ಉತ್ತರವನ್ನು ಕೊಡುವುದೇ ಈ ಲೇಖನದ ಉದ್ದೇಶ.

ಮೊದಲು ನಾಡಿನ ವಿಷಯ. ಭೂಮಿಯ ಎರಡು ಧ್ರುವಗಳೂ ಒಂದೇ ಬಗೆಯವೆಂದು ಅನೇಕರು ತಿಳಿದಿರುವರು, ಅದು ಸರಿಯಲ್ಲ. ಉತ್ತರದಲ್ಲಿರುವುದು ನೆಲದಿಂದ ಸುತ್ತುವರಿದ ಸಮುದ್ರ. ದಕ್ಷಿಣದಲ್ಲಿರುವುದು ಸಮುದ್ರದಿಂದ ಸುತ್ತುವರಿದ ನೆಲ. ಈ ದಕ್ಷಿಣದ ಖಂಡಕ್ಕೆ ಅಂಟಾರ್ಕ್ಟಿಕವೆಂದು ಹೆಸರು. ಸುಮಾರು ೧ ಕೋಟಿ ೪೦ ಲಕ್ಷ ಚದರ ಕಿಲೋಮೀಟರ್ ವಿಸ್ತಾರವಾದ ಆ ನೆಲದಲ್ಲಿ ನೂರರಲ್ಲಿ ೯೮ ಪಾಲು ಹಿಮದ ಗಡ್ಡೆಯ ಅಡಿಯಲ್ಲಿ ಹುದುಗಿದೆ. ಆ ಗಡ್ಡೆಯ ದಪ್ಪವು ಸರಾಸರಿ ೨ ಕಿಲೋಮೀಟರಿಗೆ ಸಮೀಪವಾದುದು. ಸೂರ್ಯಕಿರಣಗಳು ಓರೆಯಾಗಿ ಬೀಳುವುದೂ, ಬಿದ್ದ ಬೆಳಕಿನ ಬಹುಭಾಗವನ್ನು ಬಿಳಿಯ ಹಿಮವು ಹಿಂದಕ್ಕೆ ಎಸೆಯುವುದೂ, ನೆಲವು ಬಹಳ ಎತ್ತರವಾಗಿರುವುದೂ ಕೂಡಿ ಅಲ್ಲಿಯ ಚಳಿಯನ್ನು ಉತ್ತರ ಧ್ರುವದ ಚಳಿಗಿಂತ ಕಠೋರವನ್ನಾಗಿ ಮಾಡಿರುವುವು. ನಮಗೆ ಚಳಿಗಾಲವಾದಾಗ ಅಲ್ಲಿ ಬೇಸಗೆ. ಆ ಬೇಸಗೆಯಲ್ಲಿ ಸೂರ್ಯನು ಮುಳುಗುವುದಿಲ್ಲ. ಅಲ್ಲಿಯ ಚಳಿಗಾಲದಲ್ಲಿ ಅವನು ಹುಟ್ಟುವುದಿಲ್ಲ. ಆ ಖಂಡಕ್ಕೆ ಮೂಲನಿವಾಸಿಗಳೆಂಬವರು ಯಾರೂ ಇಲ್ಲ. ಅಲ್ಲಿರುವವರೆಲ್ಲರೂ ಒಂದಲ್ಲ ಒಂದು ಕೆಲಸಕ್ಕಾಗಿ ಬಂದವರು.

ಹೆರ್ಜೋಗರ ಚಿತ್ರವು ಈ ಕೆಲಸಕ್ಕಾಗಿ ಬಂದವರ ಚಿತ್ರ. ಚಿತ್ರದ ಮೊದಲಿನಲ್ಲಿಯೇ ಅವರು ತಾವು ಪೆಂಗ್ವಿನ್ ಪಕ್ಷಿಗಳ ಕಥೆಯನ್ನು ತೆಗೆಯಲು ಹೊರಟವರಲ್ಲವೆಂದು ಸ್ಪಷ್ಟಪಡಿಸುವರು. ಅವರು ಹೋದುದು ರಾಸ್ ದ್ವೀಪದ ಮೇಲಿರುವ ಮೆಕ್‌ಮರ್ಡೊ ಎಂಬ ಅಮೆರಿಕದ ಠಾಣೆಗೆ. ಬೇಸಗೆಯಲ್ಲಿ ಸುಮಾರು ಒಂದು ಸಾವಿರ ಜನ ಸೇರುವ ಈ ಠಾಣೆಯೇ ಆ ಖಂಡದ ದೊಡ್ಡ ಊರು. ಚಿತ್ರವನ್ನು ತೆಗೆಯಲು ಹೋದವರೋ ಇಬ್ಬರೇ. ಪೀಟರ್ ಜೈಟ್‌ಲಿಂಗರ್ ಎಂಬವರು ಕ್ಯಾಮೆರಾ ಹಿಡಿದರು. ನಿರ್ದೇಶಕರು ತಾವೇ ಧ್ವನಿಗ್ರಹಣದ ಕೆಲಸವನ್ನೂ ವಹಿಸಿಕೊಂಡರು.

ಬಿಳಿಯ ನಿರ್ಮಲವಾದ ಲೋಕವೊಂದನ್ನು ಎದುರುನೋಡಿದವರಿಗೆ ಆ ಊರು ಮೊದಲು ನಿರಾಶೆಯನ್ನುಂಟುಮಾಡುವುದು. ಕೆಸರು, ಎಣ್ಣೆಯ ಪೀಪಾಯಿಗಳು, ಗುಡುಗುಡಿಸುವ ದೊಡ್ಡ ಯಂತ್ರಗಳು, ತಗಡಿನ ಕಟ್ಟಡಗಳು — ಕೋಲಾರದ ಚಿನ್ನದ ಗಣಿಯ ಪ್ರದೇಶವನ್ನು ಕಂಡವರಿಗೆ ಅದರ ನೆನಪು ಬಾರದಿರದು. ಐಸ್‌ಕ್ರೀಮಿನ ಯಂತ್ರವೊಂದೂ ಅಲ್ಲುಂಟು! ಆದರೆ ನಿರ್ದೇಶಕರು ಅಲ್ಲಿಯ ಒಬ್ಬೊಬ್ಬರನ್ನೇ ನಿಲ್ಲಿಸಿ ಮಾತನಾಡಿಸಲಾರಂಭಿಸಿದೊಡನೆ ಚಿತ್ರದ ಬಣ್ಣವೇ ಬದಲಾಗುವುದು. ಭಾರಿ ಸಾಮಾನುಗಳನ್ನು ಎತ್ತುವ ಯಂತ್ರವನ್ನು ನಡೆಸುವವನು ತತ್ತ್ವಶಾಸ್ತ್ರವನ್ನು ಬಲ್ಲವನು. ಗಾಜಿನ ಮನೆಯಲ್ಲಿ ಟೊಮೇಟೊ ಗಿಡಗಳನ್ನು ಬೆಳೆಸುವವನು ಭಾಷಾಶಾಸ್ತ್ರವನ್ನು ಓದಿದವನು. ಕೊಳಾಯಿ ರಿಪೇರಿ ಮಾಡುವವನು, ಬಸ್ಸು ನಡೆಸುವವನು, ಲೋಕವನ್ನೆಲ್ಲ ಸುತ್ತಿಬಂದ ಹೆಂಗಸು — ಹೀಗೆ ಪ್ರತಿಯೊಬ್ಬರ ಹಿಂದೆಯೂ ಒಂದು ಜೀವನವಿದೆ. ಇವರ ನಡುವೆಯೇ ವಿಜ್ಞಾನಿಗಳೂ ಇರುವರು. ಕೆಲವರು ಹಿಮದ ಮೇಲೆ ಮಲಗಿ ಕಿವಿಯಿಟ್ಟು ಅಡಿಯ ಸಮುದ್ರದಲ್ಲಿರುವ ಸೀಲ್ ಎಂಬ ಪ್ರಾಣಿಗಳ ಕೂಗನ್ನು ಕೇಳುವರು. ಮತ್ತೆ ಕೆಲವರು ಎರೆಬಸ್ ಎಂಬ ಅಗ್ನಿಪರ್ವತದ ಬಾಯಿಯ ಬಳಿ ಕುಳಿತು ಕುದಿಯುವ ಲಾವಾರಸವನ್ನು ಕಾಯುವರು. ಹಿಮದಲ್ಲಿ ರಂಧ್ರವನ್ನು ಕೊರೆದು ಅದರೊಳಗೆ ಮುಳುಗುವವರು ಆ ಕೆಳಗಣ ಲೋಕವನ್ನು 'ಕೆಥೀಡ್ರಲ್' ಎಂದು ಕರೆಯುವರಂತೆ. ನೀಲಿಯ ಬೆಳಕು ಮೇಲಿನಿಂದ ಸೋಸಿ ಬರುವ ಆ ದೃಶ್ಯವನ್ನು ನೋಡಿದಾಗ ನಮ್ಮ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ.

ಮಕ್ಕಳು ನಕ್ಕುದು ಮತ್ತೊಂದು ದೃಶ್ಯಕ್ಕೆ. ಹೊಸದಾಗಿ ಬಂದವರೆಲ್ಲರೂ ತಲೆಯ ಮೇಲೆ ಬಕೆಟ್ಟುಗಳನ್ನು ಬೋರಲಾಗಿ ಹಾಕಿಕೊಂಡು ಒಂದೇ ಹಗ್ಗವನ್ನು ಹಿಡಿದು ಸಾಲಾಗಿ ನಡೆಯುವರು; ಸ್ವಲ್ಪ ಹೊತ್ತಿನಲ್ಲಿಯೇ ದಿಕ್ಕು ತಪ್ಪಿ ಎಲ್ಲಿಗೋ ಹೋಗುವರು. ಇದು ಆಟವಲ್ಲ, ಶಿಕ್ಷಣ. ಹಿಮದ ಬಿರುಗಾಳಿ ಬೀಸಿದಾಗ ನೆಲವೂ ಆಕಾಶವೂ ಒಂದೇ ಬಿಳುಪಾಗಿ, ಚಾಚಿದ ಕೈಯೇ ಕಣ್ಣಿಗೆ ಕಾಣದಂತಾಗುವುದು. ಬಾಗಿಲಿನಿಂದ ಹತ್ತು ಮಾರು ದೂರದಲ್ಲಿಯೇ ಮನುಷ್ಯನು ದಾರಿ ತಪ್ಪಿ ಸಾಯಬಹುದು. ಆದುದರಿಂದ ಕಣ್ಣಿಲ್ಲದೆ ನಡೆಯುವುದನ್ನೂ, ಹಗ್ಗವನ್ನು ಬಿಡದಿರುವುದನ್ನೂ ಮೊದಲು ಕಲಿಸುವರು. ಚಂಡಿಗಿಂತ ಬುದ್ಧಿವಂತಿಕೆ ಮೇಲು, ಒಬ್ಬನ ಬುದ್ಧಿವಂತಿಕೆಗಿಂತ ಜೊತೆಗಾರರ ಕೈ ಮೇಲು ಎಂಬುದೇ ಅಲ್ಲಿಯ ಮೊದಲ ಪಾಠ.

ಈ ರಾಸ್ ದ್ವೀಪದಲ್ಲಿ ಚಲಚ್ಚಿತ್ರವನ್ನು ತೆಗೆದವರಲ್ಲಿ ಹೆರ್ಜೋಗರು ಮೊದಲಿಗರಲ್ಲ. ಅವರಿಗಿಂತ ತೊಂಬತ್ತೈದು ವರ್ಷಗಳ ಹಿಂದೆ ಕ್ಯಾಪ್ಟನ್ ಸ್ಕಾಟರ ದಂಡಿನೊಡನೆ ಹರ್ಬರ್ಟ್ ಪಾಂಟಿಂಗ್ ಎಂಬ ಛಾಯಾಗ್ರಾಹಕರು ಇದೇ ದ್ವೀಪದಲ್ಲಿ ಒಂದು ವರ್ಷ ಇದ್ದು ಚಿತ್ರಗಳನ್ನು ತೆಗೆದರು. ಸ್ಕಾಟರೂ ನಾಲ್ವರು ಸಂಗಡಿಗರೂ ೧೯೧೨ನೆಯ ಜನವರಿ ೧೭ರಂದು ದಕ್ಷಿಣ ಧ್ರುವವನ್ನು ಮುಟ್ಟಿ, ಹಿಂದಿರುಗುವ ದಾರಿಯಲ್ಲಿ ಐವರೂ ಪ್ರಾಣಬಿಟ್ಟ ವೃತ್ತಾಂತವನ್ನು ನಮ್ಮ ಇಂಗ್ಲಿಷ್ ಪಾಠಪುಸ್ತಕಗಳಲ್ಲಿ ಓದಿದವರುಂಟು. ಪಾಂಟಿಂಗರು ಅವರೊಡನೆ ಧ್ರುವಕ್ಕೆ ಹೋಗಲಿಲ್ಲ. ಆದರೆ ಬವರ್ಸ್ ಎಂಬವರಿಗೆ ಛಾಯಾಗ್ರಹಣವನ್ನು ಕಲಿಸಿ ಕಳುಹಿಸಿದ್ದರು. ಧ್ರುವದಲ್ಲಿ ಐವರೂ ಕೂಡಿರುವ ಪ್ರಸಿದ್ಧ ಚಿತ್ರವು ಬವರ್ಸರು ಕ್ಯಾಮೆರಾಕ್ಕೆ ದಾರವನ್ನು ಕಟ್ಟಿ ತಾವೇ ಎಳೆದು ತೆಗೆದುದು. ಆ ವರ್ಷದ ನವೆಂಬರಿನಲ್ಲಿ ಹುಡುಕಹೋದವರಿಗೆ ಡೇರೆಯಲ್ಲಿ ಶವಗಳೊಡನೆ ಈ ಫಿಲ್ಮುಗಳೂ ದೊರೆತುವು. ಪಾಂಟಿಂಗರು ತಮ್ಮ ಚಿತ್ರವನ್ನು ೧೯೨೪ರಲ್ಲಿ 'ದಿ ಗ್ರೇಟ್ ವೈಟ್ ಸೈಲೆನ್ಸ್' ಎಂಬ ಹೆಸರಿನಿಂದ ಹೊರತಂದರು. ಅದರಲ್ಲಿ ಕುದುರೆಗಳನ್ನು ನೋಡಿಕೊಳ್ಳುವವರೂ ನಾಯಿಗಳ ಬಂಡಿಯನ್ನು ಹೊಡೆಯುವವರೂ ಕಾಣಿಸಿಕೊಳ್ಳುವರು. ಲೋಕದ ಬಾಯಲ್ಲಿ ಉಳಿದುದು ಮಾತ್ರ ಸತ್ತ ಐವರ ಹೆಸರುಗಳು. ಸ್ತ್ರೀಯಂತೂ ಆ ದಂಡಿನಲ್ಲಿ ಒಬ್ಬಳೂ ಇರಲಿಲ್ಲ.

ಆ ಚಳಿಯಲ್ಲಿ ಚಿತ್ರ ತೆಗೆಯುವುದೇ ಒಂದು ಕಷ್ಟದ ಕಸಬೆಂಬುದನ್ನು ಇಲ್ಲಿ ಹೇಳಬೇಕು. ಅಂದಿನ ಫಿಲ್ಮು ಚಳಿಗೆ ಗಾಜಿನಂತೆ ಪೆಡಸಾಗಿ ಮುರಿಯುತ್ತಿದ್ದಿತು. ಯಂತ್ರಕ್ಕೆ ಹಾಕಿದ ಎಣ್ಣೆ ಗಟ್ಟಿಯಾಗಿ ಚಕ್ರಗಳು ತಿರುಗುತ್ತಿರಲಿಲ್ಲ. ಬರಿಯ ಚರ್ಮವು ಲೋಹಕ್ಕೆ ತಾಕಿದರೆ ಅಲ್ಲಿಯೇ ಅಂಟಿಕೊಳ್ಳುವುದು. ಪಾಂಟಿಂಗರ ನಾಲಗೆಯ ತುದಿಯೇ ಒಮ್ಮೆ ಕ್ಯಾಮೆರಾಕ್ಕೆ ಅಂಟಿಕೊಂಡಿತ್ತು. ಶ್ಯಾಕಲ್ಟನ್ನರ ದಂಡಿನ ಛಾಯಾಗ್ರಾಹಕರಾದ ಫ್ರಾಂಕ್ ಹರ್ಲಿಯವರು ೧೯೧೫ರಲ್ಲಿ ಹಡಗು ಹಿಮದಲ್ಲಿ ನುಚ್ಚುನೂರಾಗುತ್ತಿರುವಾಗ ಅದರೊಳಗಿನ ಕೊರೆಯುವ ನೀರಿಗಿಳಿದು ತಮ್ಮ ಗಾಜಿನ ಫಲಕಗಳನ್ನು ಎತ್ತಿತಂದರು. ಹೊರಲಾರದೆ ಅವುಗಳಲ್ಲಿ ಸುಮಾರು ೪೦೦ನ್ನು ಒಡೆದುಹಾಕಿ ೧೨೦ನ್ನು ಮಾತ್ರ ಉಳಿಸಿಕೊಂಡರು. ಒಡೆದುದೇಕೆಂದರೆ, ಇಟ್ಟುಕೊಂಡರೆ ಮತ್ತೆ ಮನಸ್ಸು ಕರಗಬಹುದೆಂಬ ಭಯ. ಇಂದಿನ ಯಂತ್ರಗಳಿಗೆ ಫಿಲ್ಮಿಲ್ಲವಾದರೂ ತೊಂದರೆಗಳು ತಪ್ಪಿಲ್ಲ. ಚಳಿಗೆ ಬ್ಯಾಟರಿಗಳ ಶಕ್ತಿ ಬೇಗನೆ ಇಳಿದುಹೋಗುವುದರಿಂದ ಅವನ್ನು ಎದೆಯ ಬಳಿ ಬಟ್ಟೆಯೊಳಗೆ ಇಟ್ಟುಕೊಳ್ಳಬೇಕು. ಹೊರಗಿನಿಂದ ಬೆಚ್ಚನೆಯ ಕೋಣೆಗೆ ತಂದೊಡನೆ ಗಾಜಿನ ಮೇಲೂ ಒಳಗೂ ನೀರು ಕಟ್ಟುವುದರಿಂದ ಕ್ಯಾಮೆರಾವನ್ನು ಚೀಲದಲ್ಲಿ ಬಿಗಿದು ಮೆಲ್ಲಮೆಲ್ಲನೆ ಬೆಚ್ಚಗಾಗಿಸಬೇಕು.

ಹೆರ್ಜೋಗರ ಚಿತ್ರದಲ್ಲಿ ನಮಗೆ ತೋರಿದ ಒಂದು ಕೊರತೆಯನ್ನೂ ಹೇಳಿಬಿಡುವೆವು. ಅವರು ಹೋದುದು ಬೇಸಗೆಯಲ್ಲಿ. ಕಂಡದ್ದು ಕೆಲವೇ ವಾರಗಳನ್ನು. ವಿಚಿತ್ರವಾದ ಜನರನ್ನು ಆರಿಸಿ ಆರಿಸಿ ತೋರಿಸುವುದರಲ್ಲಿ ಅವರಿಗೆ ಆಸಕ್ತಿ ಹೆಚ್ಚು. ಆ ಜನರ ನಿತ್ಯದ ಕೆಲಸವನ್ನು ಬಿಡದೆ ನೋಡುವ ತಾಳ್ಮೆ ಕಡಮೆ. ಈ ಕೊರತೆಯನ್ನು ತುಂಬುವುದು ಆಂಟನಿ ಪೊವೆಲ್ ಎಂಬ ನ್ಯೂಜಿಲೆಂಡಿನವರು ೨೦೧೩ರಲ್ಲಿ ಹೊರತಂದ 'ಅಂಟಾರ್ಕ್ಟಿಕ: ಎ ಇಯರ್ ಆನ್ ಐಸ್' ಎಂಬ ಚಿತ್ರ. ಅವರು ಅಲ್ಲಿಯೇ ವರ್ಷಗಟ್ಟಲೆ ನೌಕರಿ ಮಾಡಿಕೊಂಡು, ಬಿಡುವಿನಲ್ಲಿ ಚಿತ್ರ ತೆಗೆದವರು. ಬೇಸಗೆಯ ಜನ ಹೊರಟುಹೋದ ಮೇಲೆ ಉಳಿದ ಕೆಲವರು ತಿಂಗಳುಗಟ್ಟಲೆ ಸೂರ್ಯನಿಲ್ಲದೆ, ವಿಮಾನ ಹಡಗುಗಳ ಸಂಚಾರವಿಲ್ಲದೆ ಬಾಳುವ ಬಗೆಯನ್ನು ಅವರು ತೋರಿಸಿರುವರು. ಮಾತಿನ ನಡುವೆ ಮಾತು ಮರೆತುಹೋಗುವುದು, ನಿದ್ರೆ ಕೆಡುವುದು, ಒಂದು ತಾಜಾ ಹಣ್ಣಿಗಾಗಿ ಹಂಬಲಿಸುವುದು, ಊರಿನಲ್ಲಿ ಹತ್ತಿರದವರು ತೀರಿಕೊಂಡರೂ ಹೋಗಲಾಗದಿರುವುದು — ಇವೇ ಅಲ್ಲಿಯ ನಿಜವಾದ ಕಷ್ಟಗಳು.

ಅಷ್ಟು ಕಷ್ಟಪಟ್ಟು ಚಳಿಗಾಲದಲ್ಲಿಯೂ ಅಲ್ಲಿ ಇರಬೇಕಾದುದೇಕೆ? ಇದಕ್ಕೆ ಒಂದು ನಿದರ್ಶನವನ್ನು ಕೊಡುವೆವು. ಹ್ಯಾಲೀ ಎಂಬ ಬ್ರಿಟಿಷ್ ಠಾಣೆಯವರು ೧೯೫೦ರ ದಶಕದ ಕೊನೆಯಿಂದ ಆಕಾಶದಲ್ಲಿರುವ ಓಜೋನ್ ಎಂಬ ವಾಯುವಿನ ಪ್ರಮಾಣವನ್ನು ವರ್ಷದಿಂದ ವರ್ಷಕ್ಕೆ ತಪ್ಪದೆ ಅಳೆಯುತ್ತ ಬಂದರು. ದಶಕಗಳ ಕಾಲ ಅದರಿಂದ ಹೇಳಿಕೊಳ್ಳತಕ್ಕ ಫಲವೇನೂ ಕಾಣಲಿಲ್ಲ. ಆದರೆ ಆ ಸಾಲು ಮುರಿಯದೆ ಇದ್ದುದರಿಂದಲೇ, ದಕ್ಷಿಣದ ವಸಂತದಲ್ಲಿ ಓಜೋನ್ ಭಯಂಕರವಾಗಿ ಕ್ಷೀಣಿಸುತ್ತಿರುವುದನ್ನು ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ೧೯೮೫ರಲ್ಲಿ ಲೋಕಕ್ಕೆ ತಿಳಿಸಲು ಸಾಧ್ಯವಾಯಿತು. ಎರಡು ವರ್ಷಗಳೊಳಗೆ, ೧೯೮೭ರಲ್ಲಿ, ಆ ಕ್ಷಯಕ್ಕೆ ಕಾರಣವಾದ ರಾಸಾಯನಿಕಗಳನ್ನು ನಿಲ್ಲಿಸಲು ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡುವು. ಧ್ರುವದಲ್ಲಿ ಬಾವುಟವನ್ನು ನೆಡುವ ಕೆಲಸ ಒಂದು ದಿನದ್ದು. ಅಳತೆಯನ್ನು ಬಿಡದೆ ಬರೆದಿಡುವ ಕೆಲಸ ಎಲ್ಲ ದಿನಗಳದ್ದು. ಅಳೆಯುವವನಿಗೆ ದೀಪ ಉರಿಯುವಂತೆ ಯಂತ್ರವನ್ನು ಕಾಯುವವನೂ, ಅವನಿಗೆ ಊಟವಿಕ್ಕುವವನೂ ಆ ಪುಣ್ಯದಲ್ಲಿ ಪಾಲುಗಾರರೇ. ಅಲ್ಪವಾದುದರಲ್ಲಿ ನಂಬಿಗಸ್ತರಾಗಿರುವುದೆಂದರೆ ಇದೇ ಅಲ್ಲವೆ?

ಅಡಿಗೆಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಪ್ರತಿ ಠಾಣೆಗೂ ಅಡಿಗೆಯವರನ್ನು ನೇಮಿಸಿಕೊಂಡು ಹೋಗುವರು. ಚಳಿಗಾಲದಲ್ಲಿ ಠಾಣೆಯ ಮನಸ್ಸನ್ನು ಕಾಯುವವನು ವೈದ್ಯನಿಗಿಂತಲೂ ಮೊದಲು ಅಡಿಗೆಯವನೇ ಎಂದರೆ ತಪ್ಪಾಗದು. ಭಾರತದ ಠಾಣೆಗಳಲ್ಲಿ ಪಾತ್ರೆ ತೊಳೆಯುವುದು, ಅಡಿಗೆಗೆ ನೆರವಾಗುವುದು, ಗುಡಿಸುವುದು ಮೊದಲಾದ ಕೆಲಸಗಳನ್ನು ವಿಜ್ಞಾನಿಯೂ ಸೇರಿ ಎಲ್ಲರೂ ಸರದಿಯ ಮೇಲೆ ಮಾಡುವ ಪದ್ಧತಿ ಉಂಟು. ನಮ್ಮ ಶಾಲೆಯ ಬೋರ್ಡಿಂಗಿನಲ್ಲಿ ಇದ್ದವರಿಗೆ ಈ ಸರದಿಯ ಪಟ್ಟಿ ಹೊಸದೇನಲ್ಲ!

ಇನ್ನು ಎರಡನೆಯ ಪ್ರಶ್ನೆ. ಭಾರತದ ಮೊದಲ ದಂಡು ಡಾಕ್ಟರ್ ಎಸ್. ಜೆಡ್. ಕಾಸಿಮ್ ಅವರ ಮುಖಂಡತ್ವದಲ್ಲಿ ೧೯೮೧ನೆಯ ಡಿಸೆಂಬರಿನಲ್ಲಿ ಗೋವೆಯಿಂದ ಹೊರಟು ೧೯೮೨ನೆಯ ಜನವರಿ ೯ರಂದು ಹಿಮಖಂಡವನ್ನು ಮುಟ್ಟಿತು. ೧೯೮೩-೮೪ರಲ್ಲಿ 'ದಕ್ಷಿಣ ಗಂಗೋತ್ರಿ' ಎಂಬ ಮೊದಲ ಠಾಣೆಯನ್ನು ಕಟ್ಟಿದರು. ೧೨ ಮಂದಿ ಮೊದಲ ಸಲ ಅಲ್ಲಿಯೇ ಚಳಿಗಾಲವನ್ನು ಕಳೆದರು. ಹಿಮದ ಹಾಸಿನ ಮೇಲೆ ಕಟ್ಟಿದ ಆ ಮನೆ ಮೆಲ್ಲನೆ ಹಿಮದಲ್ಲಿಯೇ ಹೂತುಹೋದುದರಿಂದ ೧೯೯೦ರಲ್ಲಿ ಅದನ್ನು ಬಿಡಬೇಕಾಯಿತು. ಅಷ್ಟರಲ್ಲಿ ಬಂಡೆಯ ನೆಲದ ಮೇಲೆ 'ಮೈತ್ರಿ' ಎಂಬ ಎರಡನೆಯ ಠಾಣೆ ಎದ್ದಿತ್ತು. ಬಂಡೆಯ ಮೇಲೆ ಮನೆಯನ್ನು ಕಟ್ಟಿದ ಬುದ್ಧಿವಂತನ ಸಾಮ್ಯವು ಇಲ್ಲಿ ಅಕ್ಷರಶಃ ನೆರವೇರಿದುದು! ಮೂರನೆಯದಾದ 'ಭಾರತಿ'ಯು ೨೦೧೨ರಲ್ಲಿ, ಹಡಗಿನ ಸಾಮಾನುಪೆಟ್ಟಿಗೆಗಳಾದ ೧೩೪ ಕಂಟೇನರುಗಳನ್ನೇ ಜೋಡಿಸಿ ಕಟ್ಟಿದುದು. ಮೈತ್ರಿಗೂ ಭಾರತಿಗೂ ನಡುವೆ ಸುಮಾರು ೩,೦೦೦ ಕಿಲೋಮೀಟರ್ ದೂರ. ಉತ್ತರದ ಕಡೆಯೂ, ನಾರ್ವೆ ದೇಶಕ್ಕೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ನೀ-ಓಲೆಸುಂಡ್ ಎಂಬಲ್ಲಿ, ೨೦೦೮ರಿಂದ 'ಹಿಮಾದ್ರಿ' ಎಂಬ ಭಾರತದ ಠಾಣೆಯಿದೆ. ಈ ಕಾರ್ಯಗಳನ್ನೆಲ್ಲ ನಡೆಸುವುದು ಗೋವೆಯಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ.

ನಮ್ಮ ಬೆಂಗಳೂರಿಗೆ ಈ ಹಿಮಾದ್ರಿಯೊಡನೆ ವಿಶೇಷವಾದ ಸಂಬಂಧವೊಂದುಂಟು. ಮೊದಲು ಬೇಸಗೆಯಲ್ಲಿ ಮಾತ್ರ ಭಾರತೀಯರು ಅಲ್ಲಿಗೆ ಹೋಗಿಬರುತ್ತಿದ್ದರು. ೨೦೨೩ನೆಯ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಚಳಿಗಾಲದ ದಂಡು ಹೊರಟಿತು. ಅದರ ಮೊದಲ ತಂಡದಲ್ಲಿ, ಸರ್ ಸಿ. ವಿ. ರಾಮನ್ ಅವರು ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯ ಯಂತ್ರಶಿಲ್ಪಿಗಳಾದ ಬಿ. ಎಸ್. ಗಿರೀಶರು ಇದ್ದರು. ಅಕ್ಟೋಬರಿನ ಕೊನೆಯಿಂದ ಫೆಬ್ರುವರಿಯ ನಡುವಿನವರೆಗೆ ಸೂರ್ಯನು ಕಾಣಿಸಿಕೊಳ್ಳದ ಊರು ಅದು. ಬಿಳಿಯ ಕರಡಿಗಳ ಭಯದಿಂದ ಊರಿನ ಎಲ್ಲೆಯನ್ನು ದಾಟುವವರು ಬಂದೂಕನ್ನು ಒಯ್ಯಬೇಕು.

ಬೆಂಗಳೂರಿನ ಸಂಸ್ಥೆಯೊಂದಕ್ಕೆ ಅಲ್ಲಿ ಏನು ಕೆಲಸವೆಂದರೆ, ನಿಶ್ಶಬ್ದವನ್ನು ಹುಡುಕುವ ಕೆಲಸ. ಸೃಷ್ಟಿಯ ಆದಿಕಾಲದಲ್ಲಿ ನಕ್ಷತ್ರಗಳು ಇರಲಿಲ್ಲ. ಜಲಜನಕ ವಾಯುವು ಕತ್ತಲೆಯಲ್ಲಿ ಹರಡಿತ್ತು. ಮೊದಲ ನಕ್ಷತ್ರಗಳು ಬೆಳಗಿದಾಗ ಆ ವಾಯುವಿನ ರೇಡಿಯೋ ಅಲೆಗಳಲ್ಲಿ ಅತಿಸೂಕ್ಷ್ಮವಾದ ಗುರುತೊಂದು ಉಳಿದಿರಬೇಕು. ೨೧ ಸೆಂಟಿಮೀಟರ್ ಉದ್ದವಾಗಿದ್ದ ಆ ಅಲೆಗಳು ವಿಶ್ವವು ಹಿಗ್ಗಿದಂತೆಲ್ಲ ತಾವೂ ಹಿಗ್ಗಿ, ಈಗ ನಮ್ಮ ಎಫ್. ಎಂ. ಬಾನುಲಿಯ ಅಲೆಗಳ ಉದ್ದಕ್ಕೆ ಬಂದಿವೆ. ಸಂತೆಯ ಗದ್ದಲದಲ್ಲಿ ಪಿಸುಮಾತನ್ನು ಕೇಳುವಂತೆ ಅದನ್ನು ಊರಿನಲ್ಲಿ ಕೇಳುವುದು ಅಸಾಧ್ಯ. ಆದುದರಿಂದ ಈ ಸಂಸ್ಥೆಯವರು 'ಸರಸ್' ಎಂಬ ತಮ್ಮ ಯಂತ್ರವನ್ನು ೨೦೨೦ರಲ್ಲಿ ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೆಪ್ಪದಂತೆ ತೇಲಿಬಿಟ್ಟು ಕಿವಿಗೊಟ್ಟರು. ನೀರಿನ ಮೇಲೆ ಏಕೆಂದರೆ, ನೆಲದಲ್ಲಿ ಕಲ್ಲು ಮಣ್ಣು ತೇವಗಳು ಬೇರೆಬೇರೆಯಾಗಿ ಸೇರಿ ಅಳತೆಯನ್ನು ಕೆಡಿಸುವುವು, ನೀರು ಸಮನಾದುದು. ಅಮೆರಿಕದ ವಿಜ್ಞಾನಿಗಳು ೨೦೧೮ರಲ್ಲಿ ತಮಗೆ ಆ ಗುರುತು ದೊರೆಯಿತೆಂದು ಸಾರಿದ್ದರು. ಶರಾವತಿಯ ನೀರಿನ ಮೇಲೆ ಕೇಳಿದವರು, ತಮಗೆ ಅಂಥದು ಕಾಣಲಿಲ್ಲವೆಂದು ೨೦೨೨ರಲ್ಲಿ ಪ್ರಕಟಿಸಿದರು. ಇನ್ನೂ ನಿಶ್ಶಬ್ದವಾದ ಸ್ಥಳವು ಬೇಕು. ನೀ-ಓಲೆಸುಂಡ್ ಊರಿನಲ್ಲಿ ಮೊಬೈಲ್ ಫೋನು ವೈಫೈಗಳನ್ನು ಬಳಸಬಾರದೆಂಬ ನಿಯಮವೇ ಉಂಟು. ಆ ಪ್ರದೇಶವು ಈ ಕೆಲಸಕ್ಕೆ ತಕ್ಕಷ್ಟು ಮೌನವಾಗಿದೆಯೇ ಎಂದು ಅಳೆಯುವುದಕ್ಕಾಗಿಯೇ ನಮ್ಮ ಊರಿನ ಯಂತ್ರಶಿಲ್ಪಿ ಆ ದೀರ್ಘರಾತ್ರಿಯೊಳಗೆ ಹೋದುದು. ಸಾಗರ ಸೀಮೆಯ ಹಿನ್ನೀರಿನಿಂದ ಉತ್ತರಧ್ರುವದ ನೆರೆಗೆ ಹೋದ ಈ ದಾರಿಯನ್ನು ಕುರಿತು ಯಾರಾದರೂ ಒಂದು ಸಾಕ್ಷ್ಯಚಿತ್ರವನ್ನು ತೆಗೆದರೆ ಎಷ್ಟು ಚೆನ್ನಾಗಿರುವುದು!

ಮೂರನೆಯ ಪ್ರಶ್ನೆಗೆ ಬರುವೆವು. ನಮ್ಮ ಮನಸ್ಸಿನಲ್ಲಿ ಇದೇ ದೊಡ್ಡದು. ೧೯೧೪ರಲ್ಲಿ ಮೂವರು ಇಂಗ್ಲಿಷ್ ಯುವತಿಯರು ತಮ್ಮನ್ನೂ ಕರೆದುಕೊಂಡು ಹೋಗಬೇಕೆಂದು ಶ್ಯಾಕಲ್ಟನ್ನರಿಗೆ ಕಾಗದ ಬರೆದರು. ಸ್ತ್ರೀಯರಿಗೆ ಸ್ಥಳವಿಲ್ಲವೆಂದು ಉತ್ತರ ಬಂದಿತು. ೧೯೪೭-೪೮ರಲ್ಲಿ ಈಡಿತ್ ರಾನ್, ಜೆನ್ನಿ ಡಾರ್ಲಿಂಗ್ಟನ್ ಎಂಬ ಇಬ್ಬರು ಅಮೆರಿಕದ ಹೆಂಗಸರು ತಮ್ಮ ಗಂಡಂದಿರೊಡನೆ ಹಿಮಖಂಡದಲ್ಲಿ ಚಳಿಗಾಲವನ್ನು ಕಳೆದರು. ಆದರೂ ಅಮೆರಿಕದ ಠಾಣೆಗಳ ಬಾಗಿಲು ಸ್ತ್ರೀಯರಿಗೆ ೧೯೬೯ರವರೆಗೆ ತೆರೆಯಲಿಲ್ಲ. ಅವರಿಗೆ ತಕ್ಕ ವಸತಿ ಇಲ್ಲವೆಂಬುದೊಂದು ನೆಪ. ಆ ವರ್ಷದ ನವೆಂಬರ್ ೧೧ರಂದು ಆರು ಮಂದಿ ಸ್ತ್ರೀಯರು ವಿಮಾನದಲ್ಲಿ ದಕ್ಷಿಣ ಧ್ರುವಕ್ಕೆ ಬಂದಿಳಿದರು. ಮೊದಲು ಇಳಿದವಳು ಯಾರೆಂಬ ಮಾತು ಬಾರದಿರಲೆಂದು ಆರು ಮಂದಿಯೂ ತೋಳಿಗೆ ತೋಳು ಸೇರಿಸಿ ಒಂದೇ ಹೆಜ್ಜೆಯಲ್ಲಿ ಹಿಮದ ಮೇಲೆ ಕಾಲಿಟ್ಟರು. ಗಂಡಸರ ಧ್ರುವಯಾತ್ರೆಗಳ ಚರಿತ್ರೆಯಲ್ಲಿ ಇಂಥದೊಂದು ಹೆಜ್ಜೆ ನಮಗೆ ಕಾಣದು.

ನಾವು ಚಿತ್ರದಲ್ಲಿ ಕಂಡ ಅದೇ ಮೆಕ್‌ಮರ್ಡೊ ಠಾಣೆಯಲ್ಲಿ ಸ್ತ್ರೀಯರು ಮೊದಲು ಚಳಿಗಾಲವನ್ನು ಕಳೆದುದು ೧೯೭೪ರಲ್ಲಿ. ನೂರಕ್ಕೂ ಹೆಚ್ಚು ಗಂಡಸರ ನಡುವೆ ಇದ್ದ ಆ ಇಬ್ಬರೂ ಜೀವಶಾಸ್ತ್ರಜ್ಞರು. ಒಬ್ಬರು ಠಾಣೆಯ ಮುಖ್ಯ ವಿಜ್ಞಾನಿಯಾಗಿದ್ದ ಮೇರಿ ಆಲಿಸ್ ಮೆಕ್‌ವಿನ್ನಿ. ಮತ್ತೊಬ್ಬರು ಬೆನೆಡಿಕ್ಟೈನ್ ಪಂಗಡದ ಸನ್ಯಾಸಿನಿಯಾದ ಸಿಸ್ಟರ್ ಮೇರಿ ಒಡೀಲ್ ಕಹೂನ್. ಮಠದಲ್ಲಿ ಕಲಿತ ಮೌನವೂ, ಕ್ರಮವಾದ ದಿನಚರಿಯೂ, ಸಮೂಹದಲ್ಲಿ ಬಾಳುವ ಅಭ್ಯಾಸವೂ ಆ ಕತ್ತಲೆಯ ತಿಂಗಳುಗಳಲ್ಲಿ ಅವರ ಕೈಹಿಡಿದಿರಬೇಕೆಂದು ನಾವು ಊಹಿಸುವೆವು.

ನಮ್ಮ ದೇಶದ ಸ್ತ್ರೀಯರು ಇದಕ್ಕೆ ಬಹಳ ಹಿಂದೆ ಉಳಿಯಲಿಲ್ಲ. ದಕ್ಷಿಣ ಗಂಗೋತ್ರಿಯನ್ನು ಕಟ್ಟಿದ ೧೯೮೩-೮೪ರ ದಂಡಿನಲ್ಲಿಯೇ ಭೂಗರ್ಭಶಾಸ್ತ್ರಜ್ಞೆ ಸುದೀಪ್ತಾ ಸೇನ್‌ಗುಪ್ತ, ಸಾಗರಶಾಸ್ತ್ರಜ್ಞೆ ಅದಿತಿ ಪಂತ್ ಇಬ್ಬರೂ ಇದ್ದರು. ಬಾಹ್ಯಾಕಾಶ ಸಂಸ್ಥೆಯಾದ ಇಸ್ರೋದ ಮಂಗಳಾ ಮಣಿಯವರು ೨೦೧೬ನೆಯ ನವೆಂಬರಿನಲ್ಲಿ ಹೊರಟು ಭಾರತಿ ಠಾಣೆಯಲ್ಲಿ ೪೦೩ ದಿನಗಳನ್ನು ಕಳೆದರು. ೨೩ ಮಂದಿಯಲ್ಲಿ ಅವರೊಬ್ಬರೇ ಸ್ತ್ರೀ, ವಯಸ್ಸು ೫೬. ಅದಕ್ಕೆ ಮೊದಲು ಅವರು ಹಿಮ ಬೀಳುವುದನ್ನೇ ಕಂಡಿರಲಿಲ್ಲವಂತೆ. ಧ್ರುವಗಳ ಮೇಲಿಂದ ಹಾದುಹೋಗುವ ಉಪಗ್ರಹಗಳು ಕಳುಹಿಸುವ ಚಿತ್ರಗಳನ್ನು ಅಲ್ಲಿಯ ಕೇಂದ್ರದಲ್ಲಿ ಹಿಡಿದು ಭಾರತಕ್ಕೆ ಮುಟ್ಟಿಸುವುದು ಅವರ ಕೆಲಸವಾಗಿದ್ದಿತು. ಇಸ್ರೋದ ಉಪಗ್ರಹಗಳು ಸಿದ್ಧವಾಗುವುದು ನಮ್ಮ ಬೆಂಗಳೂರಿನಲ್ಲಿಯೇ ಎಂಬುದನ್ನು ಮಕ್ಕಳು ನೆನಪಿನಲ್ಲಿಡಲಿ. ಹೀಗೆ ನಮ್ಮ ಊರಿನಲ್ಲಿ ರೂಪಗೊಂಡ ಕಣ್ಣು ಆಕಾಶದಿಂದ ಕಂಡುದನ್ನು, ಲೋಕದ ಕೊನೆಯಲ್ಲಿ ಕುಳಿತ ಸ್ತ್ರೀಯೊಬ್ಬರು ನಮಗೆ ಒಪ್ಪಿಸಿದರು.

ಅಪಾಯವಿಲ್ಲವೆಂದು ಹೇಳಿ ತಂದೆತಾಯಿಗಳನ್ನು ನಂಬಿಸಲು ನಮಗೆ ಇಷ್ಟವಿಲ್ಲ. ೧೯೯೦ನೆಯ ಜನವರಿಯಲ್ಲಿ ಭಾರತದ ದಂಡಿನ ನಾಲ್ವರು ತಮ್ಮ ಡೇರೆಯೊಳಗೆ ವಿಷವಾಯುವಿನಿಂದ ಪ್ರಾಣಬಿಟ್ಟರು. ಹೋಗುವವರಿಗೆ ವೈದ್ಯಪರೀಕ್ಷೆಯೂ, ಹಿಮಾಲಯದ ಹಿಮದಲ್ಲಿ ಶಿಕ್ಷಣವೂ ಆಗುವುವು. ಎಷ್ಟು ಎಚ್ಚರಿಕೆಯಿದ್ದರೂ ಹಿಮವು ಹಿಮವೇ. ಆದರೆ ಅಪಾಯವು ಗಂಡುಹೆಣ್ಣೆಂಬ ಭೇದವನ್ನು ಎಣಿಸುವುದಿಲ್ಲ, ಎಣಿಸುತ್ತಿದ್ದವರು ಮನುಷ್ಯರು.

ಅಜ್ಜಿಯವರ ಪ್ರಶ್ನೆಯನ್ನು ನಾವು ಹಾಸ್ಯಮಾಡುವುದಿಲ್ಲ. ಅದು ಪ್ರೀತಿಯಿಂದ ಹುಟ್ಟಿದ ಪ್ರಶ್ನೆ. ಆದರೆ ನಮ್ಮಂಥ ಶಾಲೆಗಳು ಮೊದಲು ಬಾಗಿಲು ತೆರೆದಾಗಲೂ, ಹೆಣ್ಣುಮಕ್ಕಳು ಮನೆಯ ಹೊಸಲನ್ನು ದಾಟಿ ಬೀದಿಯ ಕೊನೆಯಲ್ಲಿರುವ ಶಾಲೆಗೆ ಹೋಗುವುದುಂಟೆ ಎಂದು ಇದೇ ಪ್ರೀತಿಯು ಇದೇ ಪ್ರಶ್ನೆಯನ್ನು ಕೇಳಿತ್ತು. ಅಂದು ಒಬ್ಬ ತಾಯಿಯೋ ತಂದೆಯೋ ಹೆದರುತ್ತಲೇ ಹೂಂ ಎಂದುದರಿಂದ ನಾವು ಓದಿದೆವು. ಹಿಮಖಂಡಕ್ಕೆ ಎಲ್ಲರೂ ಹೋಗುವುದಿಲ್ಲ, ಹೋಗಬೇಕಾದುದೂ ಇಲ್ಲ. ಆದರೆ ಎಂದಾದರೊಂದು ದಿನ ಮಗಳೊಬ್ಬಳು ದೂರದ ಕಷ್ಟದ ಕೆಲಸವೊಂದನ್ನು ಮುಂದಿಟ್ಟುಕೊಂಡು ಅಪ್ಪಣೆ ಕೇಳಿದರೆ, ಅದು ಹೆಣ್ಣಿಗೆ ತಕ್ಕ ಜಾಗವೇ ಎಂದು ಕೇಳುವುದಕ್ಕೆ ಮೊದಲು, ಆ ಕೆಲಸವನ್ನು ದಿನವೂ ತಪ್ಪದೆ ಮಾಡುವ ಮನಸ್ಸು ನಿನಗುಂಟೆ ಎಂದು ಕೇಳೋಣ. ಉಂಟೆಂದರೆ ಹರಸಿ ಕಳುಹಿಸೋಣ.

ಅಂದಿನ ಸಂಜೆ ಕಾಫಿಯಾದ ಮೇಲೆ ಮಕ್ಕಳು ಮನೆಯ ಅಂಗಳದಲ್ಲಿ ತಲೆಗೆ ಬಕೆಟ್ಟುಗಳನ್ನು ಬೋರಲು ಹಾಕಿಕೊಂಡು, ಬಾವಿಯ ಹಗ್ಗವೊಂದನ್ನು ಹಿಡಿದು ಸಾಲಾಗಿ ನಡೆದರು. ಮುಂದಿದ್ದ ಮಗು ಗೇಟಿನ ಕಡೆಗೆ ಹೋಗುವ ಬದಲು ಗುಲಾಬಿಯ ಗಿಡದೊಳಗೆ ನುಗ್ಗಿತು. ಹಗ್ಗವನ್ನು ಮಾತ್ರ ಯಾರೂ ಬಿಡಲಿಲ್ಲ. ಅಜ್ಜಿಯವರು ಹೋಗಿ ಹಗ್ಗದ ತುದಿಯನ್ನು ಹಿಡಿದು ಅವರನ್ನು ಬಾಗಿಲಿಗೆ ತಂದರು.